ಗ್ಲೂಕೋಸ್‌ಗೆ ಮೊದಲು ಥಯಾಮಿನ್ ಕೊಡಿ

ಮಾನ್ಯರೇ,

ಊಟ ಬಿಟ್ಟು ವಾರಗಟ್ಟಲೆ ಕುಡಿದವರು ತೂರಾಡುತ್ತ ಏನೇನೋ ಮಾತಾಡಿದರೆ ‘ಅಮಲು ಇಳಿದಿಲ್ಲ’ ಎನ್ನುತ್ತೇವೆ. ನಿಶ್ಶಕ್ತಿಗೆಂದು ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸುತ್ತೇವೆ. ಅಪಾಯ ಇರುವುದು ಇಲ್ಲೇ. ಮಿದುಳು ಗ್ಲೂಕೋಸನ್ನು ಬಳಸಿಕೊಳ್ಳಲು ಥಯಾಮಿನ್ (ವಿಟಮಿನ್ ಬಿ1) ಬೇಕು. ದೇಹದಲ್ಲಿ ಅದರ ದಾಸ್ತಾನು ಸುಮಾರು 30 ಮಿ.ಗ್ರಾಂ. ಮಾತ್ರ, ಎರಡು-ಮೂರು ವಾರದಲ್ಲಿ ಖಾಲಿ. ಆಗ ಬರೀ ಗ್ಲೂಕೋಸ್ ಹೋದರೆ ಅಳಿದುಳಿದದ್ದೂ ಮುಗಿದು ‘ವರ್ನಿಕೆ ಎನ್ಸೆಫಲೋಪಥಿ’ ಎಂಬ ಮಿದುಳಿನ ಕಾಯಿಲೆ ಉಲ್ಬಣಿಸಬಹುದು.

ಗೊಂದಲ, ಕಾಲು ಅಗಲಿಸಿ ಓಲಾಡುವ ನಡಿಗೆ, ಅದುರುವ ಕಣ್ಣುಗುಡ್ಡೆ ಇದರ ಲಕ್ಷಣ. ಮೂರೂ ಒಟ್ಟಿಗೆ ಕಾಣಿಸುವುದು ಕೆಲವರಲ್ಲಷ್ಟೇ. ಎಂಆರ್‌ಐ ಸರಿಯಿದೆ ಎಂದು ಕಾಯಿಲೆಯನ್ನು ತಳ್ಳಿಹಾಕುವಂತೆಯೂ ಇಲ್ಲ. ಅನುಮಾನ ಬಂದ ಕೂಡಲೇ ಚಿಕಿತ್ಸೆ ಆರಂಭವಾಗಬೇಕು.

ರೂಢಿಯಲ್ಲಿರುವ ಕ್ರಮ: 500 ಮಿ.ಗ್ರಾಂ. ಥಯಾಮಿನನ್ನು 100 ಮಿ.ಲೀ. ಸಲೈನ್‌ನಲ್ಲಿ ಬೆರೆಸಿ ಅರ್ಧ ಗಂಟೆ ರಕ್ತನಾಳಕ್ಕೆ, ದಿನಕ್ಕೆ ಮೂರು ಸಲ, ಎರಡು-ಮೂರು ದಿನ. ಚೇತರಿಕೆ ಕಂಡರೆ ದಿನಕ್ಕೆ 250 ಮಿ.ಗ್ರಾಂ.ನಂತೆ ಇನ್ನೂ ಐದು ದಿನ. ಮಾತ್ರೆಯಿಂದ ಆಗದು, ನುಂಗಿದ್ದರಲ್ಲಿ ಕರುಳು ಹೀರುವುದು ಸ್ವಲ್ಪವೇ, ಕುಡುಕರಲ್ಲಿ ಇನ್ನೂ ಕಡಿಮೆ. ಹಳದಿ ಡ್ರಿಪ್ ಕಂಡು ‘ವಿಟಮಿನ್ ಹೋಗ್ತಾ ಉಂಟು’ ಎಂದು ಸಮಾಧಾನಪಡುವವರಿದ್ದಾರೆ. ಆ ಬಣ್ಣ ಬಿ2ದು. ಥಯಾಮಿನ್ ಎಷ್ಟಿದೆ ಎಂದು ಲೇಬಲ್ ಓದಿಯೇ ತಿಳಿಯಬೇಕು. ಮೆಗ್ನೀಸಿಯಂ ಕಡಿಮೆ ಇದ್ದರೆ ಥಯಾಮಿನ್ ಕೊಟ್ಟರೂ ಕೆಲಸ ಮಾಡದು, ಅದನ್ನೂ ತುಂಬಬೇಕು. ರಕ್ತದ ಸಕ್ಕರೆ ಕುಸಿದಿದ್ದರೆ ಮಾತ್ರ ಗ್ಲೂಕೋಸನ್ನು ತಡೆಹಿಡಿಯಬಾರದು, ಎರಡನ್ನೂ ಜೊತೆಗೇ ಕೊಡಬೇಕು. ಅಲರ್ಜಿ ಅಪರೂಪ, ಆದರೂ ಅದಕ್ಕೆ ತಯಾರಿರುವ ಕಡೆಯೇ ಕೊಡಿಸಿ.

ತಡವಾದರೆ ಕಣ್ಣು ಸರಿಯಾದರೂ ನೆನಪು ಮರಳದೆ ಹೋಗಬಹುದು. ಇದು ಕೊರ್ಸಕಾಫ್ ಸ್ಥಿತಿ. ಹಾಸಿಗೆ ಬಿಟ್ಟು ಏಳದವರು ‘ಬೆಳಗ್ಗೆ ದಕ್ಕೆಗೆ ಹೋಗಿ ಬಂಗುಡೆ ತಂದೆ’ ಎಂದು ಗಟ್ಟಿಯಾಗಿ ಹೇಳುತ್ತಾರೆ. ಅದು ಸುಳ್ಳಲ್ಲ, ನೆನಪಿನ ತೂತನ್ನು ಮಿದುಳು ತಾನೇ ಮುಚ್ಚಿಕೊಳ್ಳುವ ಬಗೆ.

ಕುಚ್ಚಲಕ್ಕಿ ಉಣ್ಣುವ ಕರಾವಳಿಯಲ್ಲಿ ಬಿ1 ಕೊರತೆ ಹೇಗೆ ಬಂದೀತು ಎಂದು ಕೆಲವರು ಕೇಳಬಹುದು. ಭತ್ತ ಬೇಯಿಸುವಾಗ ತೌಡಿನ ಬಿ1 ಅಕ್ಕಿಯೊಳಗೆ ಇಳಿಯುವುದು ನಿಜ. ಆದರೆ ಗಂಜಿ ತಿಳಿ ಬಸಿದು ಚೆಲ್ಲಿದರೆ ಒಂದಷ್ಟು ಹೋಯಿತು. ಊಟವನ್ನೇ ಬಿಟ್ಟವರಿಗೆ ಅದೂ ಇಲ್ಲ. ಗರ್ಭಿಣಿಯರ ನಿಲ್ಲದ ವಾಂತಿ, ಬೊಜ್ಜಿನ ಶಸ್ತ್ರಚಿಕಿತ್ಸೆಯ ನಂತರದ ವಾಂತಿ ಕೂಡ ಇಲ್ಲಿಗೇ ತಲುಪಿಸುತ್ತವೆ.

ಮನೆಯವರು ಮರ್ಯಾದೆಗೆ ಅಂಜಿ ಕುಡಿತವನ್ನು ಮುಚ್ಚಿಡದೆ, ಊಟ ಬಿಟ್ಟು ಎಷ್ಟು ದಿನವಾಯಿತು ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ತಾಲ್ಲೂಕು ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ ಗ್ಲೂಕೋಸ್ ಬಾಟ್ಲಿ ಇಡುವ ಕಪಾಟಿನಲ್ಲೇ ಥಯಾಮಿನ್ ಚುಚ್ಚುಮದ್ದೂ ಇರುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಲಿ.

– ಇಬ್ಬರು ವೈದ್ಯರು, ಮಂಗಳೂರು