ಪ್ರತಿ ಸ್ವಿಚ್ ಬೋರ್ಡಿಗೂ ಕಪ್ಪು ವೈರ್ ಬರಲಿ

ಮಾನ್ಯ ಸಂಪಾದಕರೇ,

ದೀಪಾವಳಿಗೆ ಪುಣೆಯಿಂದ ಬಂದ ಮಗ ಬೆಂಕಿಪೊಟ್ಟಣದಷ್ಟಿರುವ ಎರಡು ಸ್ಮಾರ್ಟ್ ಮಾಡ್ಯೂಲ್ ತಂದಿದ್ದ. ಹಳೇ ಸ್ವಿಚ್ ಹಿಂದೆ ಕೂರಿಸಿದರೆ ಸಾಕು, ದೀಪ ಕೈಯಿಂದಲೂ ಹತ್ತುತ್ತದೆ, ಮೊಬೈಲಿನಿಂದಲೂ ಹತ್ತುತ್ತದೆ. ಮೊಣಕಾಲು ನೋವಿನ ನನಗೆ ಬೇಕಾಗಿದ್ದು ಮುಖ್ಯವಾಗಿ ಮೆಟ್ಟಿಲ ದೀಪ.

ಹಾಲ್‌ನಲ್ಲಿ ಸಲೀಸಾಗಿ ಆಯಿತು. ಆ ಬೋರ್ಡಿನಲ್ಲಿ ಪ್ಲಗ್ ಪಾಯಿಂಟ್ ಇದೆ, ಹಾಗಾಗಿ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ಕಪ್ಪು ವೈರ್, ಇದ್ದೇ ಇತ್ತು. ಮೆಟ್ಟಿಲ ಬೋರ್ಡ್ ಬಿಚ್ಚಿದರೆ ಬರೀ ಕೆಂಪು ವೈರು, ಕಪ್ಪು ಒಂದೂ ಇಲ್ಲ! ನ್ಯೂಟ್ರಲ್ ನೇರ ದೀಪಕ್ಕೇ ಹೋಗಿದೆ. ಸಾದಾ ಸ್ವಿಚ್‌ಗೆ ಅದು ಬೇಕಿಲ್ಲ. ಆದರೆ ಈ ಮಾಡ್ಯೂಲ್ ದೀಪ ಆರಿದ್ದಾಗಲೂ ಎಚ್ಚರ ಇರಬೇಕಲ್ವಾ? ಅದಕ್ಕೇ ನ್ಯೂಟ್ರಲ್ ಬೇಕು. ‘ಅಕ್ಕಾರ, ಅರ್ಥಿಂಗ್‌ಗೆ ಕೊಟ್ಟು ನೋಡೂಣೇನ್ರಿ?’ ಅಂದ ವೈರ್‌ಮನ್. ಬೇಡಪ್ಪಾ, ಅದು ಅಪಾಯ ಅಂದೆ. ನ್ಯೂಟ್ರಲ್ ಬೇಡದ ಮಾಡ್ಯೂಲೂ ಸಿಗುತ್ತವೆ. ಆದರೆ ಸಣ್ಣ ಎಲ್‌ಇಡಿ ಬಲ್ಬ್ ಆರಿಸಿದ ಮೇಲೂ ಮಿಣಮಿಣ ಅನ್ನಬಹುದು.

ನವನಗರದಲ್ಲಿ ಈಗಲೂ ಹೊಸ ಮನೆಗಳು ಏಳುತ್ತಿವೆ. ಗೋಡೆಗೆ ಪೈಪ್ ಹಾಕುವಾಗಲೇ ಪ್ರತಿ ಬೋರ್ಡಿಗೂ ಒಂದು ಕಪ್ಪು ವೈರ್ ಎಳೆಸಿ, ಮಾಡ್ಯೂಲ್ ಹಿಡಿಸುವಂತೆ ಸ್ವಿಚ್ ಡಬ್ಬಿ ಸ್ವಲ್ಪ ಆಳದ್ದೇ ಹಾಕಿಸಿ. ಆಮೇಲೆ ಬಣ್ಣದ ಗೋಡೆ ಒಡೆಸೋದು ಯಾರಿಗೆ ಬೇಕು? ನಮ್ಮ ಎರಡನೇ ಮಾಡ್ಯೂಲ್ ಸುಮ್ನೆ ಕಪಾಟಿನಲ್ಲಿ ಕೂತಿದೆ.

– ನಿವೃತ್ತ ಶಿಕ್ಷಕಿ, ನವನಗರ, ಬಾಗಲಕೋಟೆ