ಆ ಹಸಿರು ಉಂಡೆಗಳು ಕಲ್ಲಲ್ಲ

ಮಾನ್ಯ ಸಂಪಾದಕರೇ,

ಪಿತ್ತಕೋಶದ ಕಲ್ಲನ್ನು ಒಂದೇ ರಾತ್ರಿಯಲ್ಲಿ ಹೊರಹಾಕಬಹುದು ಎನ್ನುವ ವಿಡಿಯೊ ಮತ್ತೆ ಮೊಬೈಲಿಂದ ಮೊಬೈಲಿಗೆ ಹರಿದಾಡುತ್ತಿದೆ. ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿದು ಮಲಗಿದರೆ ಸಾಕಂತೆ. ನನ್ನ ಅಕ್ಕ ಇದನ್ನು ಮಾಡಿದ್ದಳು. ಮಾಡಿಸಿದವಳು ನಾನೇ. ಅದಕ್ಕೇ ಈ ಪತ್ರ.

ಅಕ್ಕನಿಗೆ ಎರಡು ವರ್ಷದಿಂದ ಊಟವಾದ ಮೇಲೆ ಆಗಾಗ ಹೊಟ್ಟೆನೋವು ಬರುತ್ತಿತ್ತು. ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದುಕೊಂಡು, ಬೆನ್ನಿಗೆ, ಬಲಭುಜಕ್ಕೆ ಹಬ್ಬುತ್ತಿತ್ತು. ಒಂದೆರಡು ಗಂಟೆ ಒದ್ದಾಡಿಸಿ, ಏನೂ ಆಗಿಲ್ಲವೆಂಬಂತೆ ಹೋಗಿಬಿಡುತ್ತಿತ್ತು. ಗ್ಯಾಸ್ ಇರಬೇಕು ಅಂತ ಮಾತ್ರೆ ನುಂಗುತ್ತಿದ್ದಳು. ಕೊನೆಗೆ ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದ ತುಂಬ ಸಣ್ಣ ಕಲ್ಲುಗಳು. ನೋವು ಬರುತ್ತಿರುವುದರಿಂದ ಪಿತ್ತಕೋಶ ತೆಗೆಸುವುದೇ ಒಳ್ಳೆಯದು ಎಂದರು ಡಾಕ್ಟರು. ಅವಳಿಗೆ ಆಪರೇಷನ್ ಅಂದರೆ ಭಯ. ಆಗಲೇ ನನ್ನ ಕಣ್ಣಿಗೆ ಆ ವಿಡಿಯೊ ಬಿತ್ತು.

ಬೆಳಿಗ್ಗೆ ಮಲವನ್ನು ಜರಡಿ ಹಿಡಿದಾಗ ಹಸಿರು ಉಂಡೆಗಳು ನಿಜವಾಗಿಯೂ ಸಿಕ್ಕವು. ಫೋಟೊ ತೆಗೆದು ಎಲ್ಲರಿಗೂ ಕಳಿಸಿದೆ. ಕಲ್ಲು ಹೋಯಿತು ಅಂತ ನಂಬಿದ್ದರಿಂದಲೇ, ಹತ್ತು ದಿನದ ಮೇಲೆ ಅವಳಿಗೆ ಚಳಿಜ್ವರ ಬಂದಾಗ ಮೂರು ದಿನ ಸುಮ್ನೆ ಕಾದೆವು. ಕಣ್ಣು ಹಳದಿಯಾಯಿತು. ಮೂತ್ರ ಕಡು ಚಹಾದ ಬಣ್ಣ, ಮಲ ಮಾತ್ರ ಜೇಡಿಮಣ್ಣಿನ ಹಾಗೆ ಬಿಳಿಚಿಕೊಂಡಿತ್ತು. ಮೈಯೆಲ್ಲ ತುರಿಕೆ. ಒಂದು ಕಲ್ಲು ಜಾರಿ ಪಿತ್ತನಾಳಕ್ಕೆ ಅಡ್ಡ ಕುಳಿತಿತ್ತು. ಪಿತ್ತ ಕರುಳಿಗೆ ಇಳಿಯಲಾರದೆ ರಕ್ತಕ್ಕೆ ಸೇರುತ್ತಿತ್ತು, ನಾಳದಲ್ಲಿ ಸೋಂಕೂ ಆಗಿತ್ತು. ಇನ್ನೂ ತಡ ಮಾಡಿದ್ದರೆ ಜೀವಕ್ಕೇ ಅಪಾಯವಿತ್ತು.

ಜರಡಿಯ ಉಂಡೆಗಳನ್ನು ನಾನು ಬಾಟಲಿಯಲ್ಲಿ ಇಟ್ಟುಕೊಂಡಿದ್ದೆ. ಡಾಕ್ಟರು ಒಂದನ್ನು ಗ್ಲೌಸ್ ಹಾಕಿದ ಬೆರಳಿನಲ್ಲಿ ಒತ್ತಿದರು. ಸೋಪಿನ ಹಾಗೆ ಜಜ್ಜಿಹೋಯಿತು. ಅದು ಕಲ್ಲೇ ಅಲ್ಲ, ಕುಡಿದ ಎಣ್ಣೆಯೇ ಹೊಟ್ಟೆಯೊಳಗೆ ಸೋಪಿನಂತೆ ಉಂಡೆ ಕಟ್ಟಿದ್ದು. ಇನ್ನೊಂದು ಮಾತನ್ನೂ ಹೇಳಿದರು. ಜಿಡ್ಡು ಒಳಗೆ ಹೋದರೆ ಪಿತ್ತಕೋಶ ಹಿಂಡಿಕೊಳ್ಳುತ್ತದೆ. ಕಲ್ಲು ತುಂಬಿರುವಾಗ ಹಾಗೆ ಹಿಂಡಿದರೆ ಒಂದು ಕಲ್ಲು ಪಿತ್ತಕೋಶದ ಬಾಯಿಗೋ ಪಿತ್ತನಾಳಕ್ಕೋ ಸಿಕ್ಕಿಕೊಳ್ಳಬಹುದು. ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವೂ ಉಂಟು.

ಬಾಯಿಯ ಮೂಲಕ ಎಂಡೋಸ್ಕೋಪಿ ಕೊಳವೆ ಇಳಿಸಿ ನಾಳದ ಕಲ್ಲನ್ನು ತೆಗೆದರು. ಸೋಂಕು ಇಳಿದ ಮೇಲೆ ಲ್ಯಾಪರೋಸ್ಕೋಪಿಯಲ್ಲಿ ನಾಲ್ಕು ಸಣ್ಣ ತೂತು ಮಾಡಿ ಪಿತ್ತಕೋಶ ತೆಗೆದರು. "ಬರೀ ಕಲ್ಲು ತೆಗೆದರೆ ಸಾಲದಾ?" ಅಂತ ಅಕ್ಕ ಕೇಳಿದ್ದಳು. ಪಿತ್ತಕೋಶದ ಚೀಲ ಉಳಿದರೆ ಮತ್ತೆ ಕಲ್ಲು ಕಟ್ಟುವ ಸಾಧ್ಯತೆ ಹೆಚ್ಚು ಎಂದರು ಡಾಕ್ಟರು. ಪಿತ್ತ ತಯಾರಾಗುವುದು ಲಿವರಿನಲ್ಲಿ, ದಿನಕ್ಕೆ ಅರ್ಧ ಲೀಟರಿಗೂ ಜಾಸ್ತಿ. ಈ ಚೀಲ ಹಿಡಿಯುವುದು ಬರೀ 30ರಿಂದ 50 ಮಿಲಿಲೀಟರ್. ಅದಿಲ್ಲದಿದ್ದರೆ ಪಿತ್ತ ನೇರ ಕರುಳಿಗೆ ಇಳಿಯುತ್ತದೆ, ಅಷ್ಟೇ. ಅಕ್ಕನಿಗೆ ಕೆಲವು ವಾರ ಭೇದಿಯ ಕಾಟವಿತ್ತು. ಈಗ ಚೆನ್ನಾಗಿದ್ದಾಳೆ.

ಕಲ್ಲು ಇದ್ದವರೆಲ್ಲ ಆಪರೇಷನ್‌ಗೆ ಓಡಬೇಕು ಅಂತ ನಾನು ಹೇಳುತ್ತಿಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಂಡು, ನೋವೇ ಕೊಡದ ಕಲ್ಲುಗಳು ಬಹಳ ಜನರಲ್ಲಿ ಕೊನೆವರೆಗೂ ತೊಂದರೆ ಕೊಡುವುದಿಲ್ಲ. ಕರಗಿಸುವ ಮಾತ್ರೆಯೂ ಇದೆ. ಆದರೆ ಅದು ಸಣ್ಣ ಕೊಲೆಸ್ಟ್ರಾಲ್ ಕಲ್ಲಿಗೆ ಮಾತ್ರ, ತಿಂಗಳುಗಟ್ಟಲೆ ನುಂಗಬೇಕು, ಬಿಟ್ಟ ಮೇಲೆ ಮತ್ತೆ ಕಟ್ಟಲೂಬಹುದು. ಕಿಡ್ನಿ ಕಲ್ಲಿನ ಹಾಗೆ ನೀರು ಕುಡಿದು ಇಳಿಸುತ್ತೇನೆ ಎಂದರೂ ಆಗದು. ಎರಡಕ್ಕೂ ದಾರಿಯೇ ಬೇರೆ, ಅಲ್ವಾ?

ನಿಮ್ಮ ಆರೋಗ್ಯ ಪುಟದಲ್ಲಿ ಈ ಎಣ್ಣೆ ಚಿಕಿತ್ಸೆಯ ಬಗ್ಗೆ ತಜ್ಞರಿಂದ ದಯವಿಟ್ಟು ಒಮ್ಮೆ ಬರೆಸಿ. ಹೊಟ್ಟೆನೋವಿನ ಜೊತೆ ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಹಾಕಿ. ಅಕ್ಕನ ಹೊಟ್ಟೆಯಿಂದ ತೆಗೆದ ಕಲ್ಲುಗಳು ಈಗ ನನ್ನ ಬಳಿ ಇವೆ. ಕಂದು ಹಳದಿ ಬಣ್ಣ, ಒಂದಕ್ಕೊಂದು ಉಜ್ಜಿ ಮೂಲೆ ಮೂಲೆಯಾಗಿವೆ, ಡಬ್ಬಿ ಅಲ್ಲಾಡಿಸಿದರೆ ಕಟಕಟ ಎನ್ನುತ್ತವೆ. ಜರಡಿಯ ಫೋಟೊವನ್ನೂ ಅಳಿಸಿಲ್ಲ. ಬೇಕಿದ್ದರೆ ಎರಡರ ಚಿತ್ರವನ್ನೂ ಕಳಿಸುತ್ತೇನೆ, ಅಕ್ಕಪಕ್ಕ ಹಾಕಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು