ಫೈಲಿನ ಅಂಕಿಗಳ ಹಿಂದೆ ನಿಂತ ಮಕ್ಕಳಿಗೆ

ಮಗುವಿಗೆ ಕಿಡ್ನಿ ಕಸಿಯಾಗಿ ಒಂದು ವರ್ಷ ತುಂಬಿತು. ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ) ಏರಿಲ್ಲ, ಬಿಪಿ ಹಿಡಿತದಲ್ಲಿದೆ, ಎತ್ತರವೂ ಬೆಳೆಯುತ್ತಿದೆ. ಕಿಡ್ನಿ ಕೊಟ್ಟವರಿಗೆ, ಆಪರೇಷನ್ ಮಾಡಿದವರಿಗೆ, ಗಂಟೆಗೊಮ್ಮೆ ಮೂತ್ರದ ಲೆಕ್ಕ ಬರೆದ ನರ್ಸ್‌ಗಳಿಗೆ ಕೈಮುಗಿದು ಹೇಳಬೇಕಾದ್ದನ್ನು ಹೇಳಿದ್ದೇವೆ. ಈ ಬರಹ ನಾವು ಎಂದೂ ನೋಡದವರಿಗೆ: ಮಕ್ಕಳ ಕಿಡ್ನಿ ಕಾಯಿಲೆಯ ಸಂಶೋಧನೆಗಳಲ್ಲಿ ಪಾಲ್ಗೊಂಡ ಮಕ್ಕಳಿಗೆ, ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ ಅವರ ಅಪ್ಪ-ಅಮ್ಮಂದಿರಿಗೆ, ವರ್ಷಗಟ್ಟಲೆ ಅದನ್ನು ನಡೆಸಿದವರಿಗೆ. ಇಂದು ಮಗುವಿನ ಫೈಲಿನಲ್ಲಿರುವ ಡೋಸು, ಟಾರ್ಗೆಟ್ಟು, ಲೆವೆಲ್ಲು ನಮಗೆ ಸಿಕ್ಕಿದ್ದು ಅವರಿಂದ.

ಮೊದಲು 0.413 ಎಂಬ ಅಂಕಿ. ಮಗುವಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು, 0.413ರಿಂದ ಗುಣಿಸಿ, ಕ್ರಿಯಾಟಿನಿನ್‌ನಿಂದ ಭಾಗಿಸಿದರೆ ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಅಂದಾಜು ಸಿಗುತ್ತದೆ. 110 ಸೆಂ.ಮೀ. ಎತ್ತರದ ಮಗುವಿಗೆ ಕ್ರಿಯಾಟಿನಿನ್ 0.9 ಬಂದರೆ ಉತ್ತರ ಸುಮಾರು 50. ಅಂದರೆ ಕಿಡ್ನಿಯ ಕೆಲಸ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ಆದರೆ ಲ್ಯಾಬ್ ರಿಪೋರ್ಟಿನಲ್ಲಿ ಅನೇಕ ಸಲ ದೊಡ್ಡವರ ನಾರ್ಮಲ್ ರೇಂಜ್ ಅಚ್ಚಾಗಿರುತ್ತದೆ. 0.9 ಅದರೊಳಗೇ ಬರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಹುಟ್ಟಿನಿಂದಲೇ ಮೂತ್ರದ ದಾರಿಯಲ್ಲಿ ಕವಾಟ ಅಡ್ಡವಿರುವ ಗಂಡುಮಕ್ಕಳ ವಿಷಯದಲ್ಲಿ ಹೀಗೆ ಅಮೂಲ್ಯ ವರ್ಷಗಳು ಕಳೆದುಹೋಗುತ್ತವೆ. ಅಮೆರಿಕ ಮತ್ತು ಕೆನಡಾದ ಸಿ-ಕಿಡ್ ಅಧ್ಯಯನದಿಂದ ಬಂದ ಈ ಸೂತ್ರವನ್ನು ಜಾರ್ಜ್ ಶ್ವಾರ್ಟ್ಜ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದರು. ಅದಕ್ಕಾಗಿ 349 ಮಕ್ಕಳು ಕಿಡ್ನಿ ಎಷ್ಟು ಬೇಗ ಸೋಸಿ ಹೊರಹಾಕುತ್ತದೆ ಎಂದು ಅಳೆಯಲು ಅಯೋಹೆಕ್ಸಾಲ್ ಎಂಬ ದ್ರವವನ್ನು ರಕ್ತನಾಳಕ್ಕೆ ಹಾಕಿಸಿಕೊಂಡು 10, 30, 120, 300ನೇ ನಿಮಿಷಗಳಲ್ಲಿ ರಕ್ತ ಕೊಟ್ಟರು. ಕೈಗೆ ಸೂಜಿ ಸಿಕ್ಕಿಸಿಕೊಂಡು ಐದು ಗಂಟೆ ಕಳೆಯುವುದೆಂದರೆ ಮಗುವಿಗೆ ಏನು ಎಂಬುದು ವಾರ್ಡಿನಲ್ಲಿ ಇದ್ದವರಿಗೆ ಗೊತ್ತು. ಸೂತ್ರ ಬಳಸುವವರು ಎರಡು ಸಂಗತಿ ನೆನಪಿಡಬೇಕು. ಕ್ರಿಯಾಟಿನಿನ್ ಎನ್‌ಜೈಮ್ ವಿಧಾನದಲ್ಲಿ ಅಳೆದದ್ದಾಗಿರಬೇಕು, ಸಾಧ್ಯವಾದಷ್ಟೂ ಒಂದೇ ಲ್ಯಾಬಿನದಾಗಿರಬೇಕು. ಮಾಂಸಖಂಡ ಕರಗಿ ಬಡಕಲಾದ ಮಗುವಿನಲ್ಲಿ ಈ ಲೆಕ್ಕ ಕಿಡ್ನಿಯನ್ನು ಇದ್ದದ್ದಕ್ಕಿಂತ ಚೆನ್ನಾಗಿದೆ ಎಂದು ತೋರಿಸುತ್ತದೆ.

ಕಸಿಯನ್ನು ಹಲವು ವರ್ಷ ಮುಂದಕ್ಕೆ ತಳ್ಳಿದ್ದು ಬಿಪಿಯ ಟಾರ್ಗೆಟ್. ಅದಕ್ಕೆ ಎಸ್ಕೇಪ್ ಅಧ್ಯಯನದ 385 ಮಕ್ಕಳಿಗೆ ಋಣಿ. ಯುರೋಪಿನ ಈ ಮಕ್ಕಳೆಲ್ಲರಿಗೂ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ದಿನಕ್ಕೆ 6 ಮಿ.ಗ್ರಾಂ ರಾಮಿಪ್ರಿಲ್ ಎಂಬ ಬಿಪಿ ಔಷಧಿ ಕೊಟ್ಟರು. ಒಂದು ಗುಂಪಿನಲ್ಲಿ 24 ಗಂಟೆಯ ಸರಾಸರಿ ಬಿಪಿಯನ್ನು 50ನೇ ಪರ್ಸೆಂಟೈಲ್‌ಗಿಂತ (ಆರೋಗ್ಯವಂತ ಮಕ್ಕಳ ನಡುಮಟ್ಟಕ್ಕಿಂತ) ಕೆಳಗೆ ಇಳಿಸಿದರು, ಇನ್ನೊಂದರಲ್ಲಿ ಮಾಮೂಲಿ ಮಟ್ಟದಲ್ಲೇ ಇಟ್ಟರು. ಐದು ವರ್ಷದಲ್ಲಿ ಕಿಡ್ನಿಯ ಶಕ್ತಿ ಅರ್ಧಕ್ಕೆ ಕುಸಿದವರು ಅಥವಾ ಕಿಡ್ನಿ ಪೂರ್ತಿ ಸೋತವರು ಮೊದಲ ಗುಂಪಿನಲ್ಲಿ ಶೇ. 29.9, ಎರಡನೆಯದರಲ್ಲಿ ಶೇ. 41.7. ರಾತ್ರಿ ನಿದ್ದೆಯಲ್ಲೂ ಮತ್ತೆ ಮತ್ತೆ ತೋಳು ಹಿಂಡುವ ಪಟ್ಟಿ ಕಟ್ಟಿಕೊಂಡು ಮಲಗಿದ ಮಕ್ಕಳು ಕೊಟ್ಟ ಉತ್ತರ ಇದು. ಮನೆಯಲ್ಲಿ ಬಿಪಿ ನೋಡುವವರು ಪಟ್ಟಿಯ ಅಳತೆಯನ್ನು ಮೊದಲು ನೋಡಿ: ಒಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಕನಿಷ್ಠ ಶೇ. 40 ಇರಬೇಕು, ಉದ್ದ ತೋಳನ್ನು ಶೇ. 80ರಿಂದ 100 ಸುತ್ತಬೇಕು. ಚಿಕ್ಕ ಪಟ್ಟಿ ಬಿಪಿಯನ್ನು ಸುಳ್ಳೇ ಹೆಚ್ಚಾಗಿ ತೋರಿಸುತ್ತದೆ. ರಾಮಿಪ್ರಿಲ್ ಶುರುಮಾಡಿದ ಒಂದೆರಡು ವಾರದಲ್ಲಿ ಪೊಟ್ಯಾಶಿಯಂ, ಕ್ರಿಯಾಟಿನಿನ್ ನೋಡಿಸಲೇಬೇಕು. ವಾಂತಿ-ಭೇದಿ ಹಿಡಿದರೆ ಮುಂದಿನ ಡೋಸ್ ಕೊಡುವ ಮೊದಲೇ ಡಾಕ್ಟರಿಗೆ ಫೋನ್ ಮಾಡಬೇಕು. ಮೈಯ ನೀರು ಆರಿರುವಾಗ ಈ ಔಷಧಿ ಇದ್ದ ಕಿಡ್ನಿಯನ್ನೂ ಕುಗ್ಗಿಸುತ್ತದೆ.

ಡಯೆಟಿಷಿಯನ್‌ಗಳಿಗೆ ಎಷ್ಟು ಹೇಳಿದರೂ ಕಡಿಮೆ. ಮಕ್ಕಳ ಕಿಡ್ನಿ ಆಹಾರದ ಬಗ್ಗೆ ಹಲವು ದೇಶಗಳ ಪರಿಣತರು ಪೀಡಿಯಾಟ್ರಿಕ್ ರೀನಲ್ ನ್ಯೂಟ್ರಿಷನ್ ಟಾಸ್ಕ್‌ಫೋರ್ಸ್ ಎಂಬ ಹೆಸರಿನಲ್ಲಿ ಸೇರಿ ಸಲಹೆಗಳನ್ನು ಬರೆದಿದ್ದಾರೆ. ಆದರೆ ಅವು ನಮ್ಮ ಅಡುಗೆಮನೆಗೆ ಇಳಿಯಬೇಕಾದರೆ ನಮ್ಮ ಅಡುಗೆ ಬಲ್ಲವರೇ ಬೇಕು. ಪೊಟ್ಯಾಶಿಯಂ ಏರಿದ ಮಗುವಿಗೆ ಸೊಪ್ಪು, ತರಕಾರಿ, ಕಾಳುಗಳನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ನೀರು ಬಸಿಯಿರಿ ಎನ್ನುತ್ತಾರೆ. ನಾವು ಆ ಬಸಿದ ಕಟ್ಟಿನಲ್ಲೇ ಬಸ್ಸಾರು ಮಾಡುತ್ತೇವೆ! ಚೆಲ್ಲಬೇಕಾದ ಪೊಟ್ಯಾಶಿಯಂ ಎಲ್ಲ ಮುದ್ದೆಯ ಜೊತೆ ತಟ್ಟೆಗೆ ಬರುತ್ತದೆ. ಪಲ್ಯ ಮಗುವಿಗೆ, ಸಾರು ಉಳಿದವರಿಗೆ ಎಂದು ಬಿಡಿಸಿ ಹೇಳಿದ ಡಯೆಟಿಷಿಯನ್‌ಗೆ ವಂದನೆ. ಎಳನೀರೂ ಹಾಗೆಯೇ. ಹೊಟ್ಟೆ ಕೆಟ್ಟ ಮಗುವಿಗೆ ನೆರೆಯವರು ಪ್ರೀತಿಯಿಂದ ತರುವುದು ಅದನ್ನೇ, ಮತ್ತು ಕಿಡ್ನಿ ಸೋತ ಮಗುವಿನ ಹೃದಯದ ಬಡಿತವನ್ನು ತಪ್ಪಿಸುವಷ್ಟು ಪೊಟ್ಯಾಶಿಯಂ ಅದರಲ್ಲಿದೆ.

ಪುಟ್ಟ ಮಗುವಿನೊಳಗೆ ದೊಡ್ಡವರ ಕಿಡ್ನಿ ಬದುಕುತ್ತದೆ ಎಂಬುದೂ ಹೀಗೆಯೇ ಒಂದೊಂದಾಗಿ ಕಲಿತದ್ದು. ಹತ್ತು-ಹನ್ನೆರಡು ಕೆಜಿಯ ಮಗುವಿಗೆ ಅದನ್ನು ಮಹಾಪಧಮನಿ, ಮಹಾಭಿಧಮನಿಗೇ ಜೋಡಿಸುತ್ತಾರೆ. ಆ ಕಿಡ್ನಿ ಕೇಳುವಷ್ಟು ರಕ್ತವನ್ನು ಪುಟ್ಟ ಹೃದಯ ಕೊಡಬೇಕು. ಸ್ಟ್ಯಾನ್‌ಫರ್ಡ್‌ನ ಆಸ್ಕರ್ ಸಾಲ್ವಟಿಯೆರಾ ತಂಡ 1998ರಲ್ಲಿ ಮಹಾಪಧಮನಿಯ ಹರಿವನ್ನು ಅಳೆದು, ಕಸಿಯ ನಂತರ ಅದು ದುಪ್ಪಟ್ಟು ದಾಟುತ್ತದೆ, ಆ ಹರಿವು ತಗ್ಗದಂತೆ ತಿಂಗಳುಗಟ್ಟಲೆ ದ್ರವ ತುಂಬುತ್ತಿರಬೇಕು ಎಂದು ತೋರಿಸಿತು. ಕಸಿಯಾದ ಮಗುವಿಗೆ ಬಾಯಾರಿಕೆ ಇಲ್ಲದಿದ್ದರೂ ಅಳತೆ ಹಾಕಿ ನೀರು ಕುಡಿಸುವುದು, ಕುಡಿಯದಿದ್ದರೆ ಮೂಗಿನ ಟ್ಯೂಬಿನಲ್ಲಿ ಹಾಕುವುದು ಇದಕ್ಕೇ. ನೀರು ಕಡಿಮೆಯಾದರೆ ಹೊಸ ಕಿಡ್ನಿಯ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಆಗ ಉಳಿಸಲು ಸಿಗುವುದು ಕೆಲವೇ ಗಂಟೆ.

ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ (ಅದೇ ರಿಜೆಕ್ಷನ್) ತಡೆಯುವ ಟ್ಯಾಕ್ರೊಲಿಮಸ್ ಎಂಬ ಔಷಧಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಹೊಸದಾಗಿ ಕಸಿಯಾದ ಮನೆಗಳಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಇಲ್ಲಿಯೇ. ರಕ್ತದಲ್ಲಿ ಅದರ ಲೆವೆಲ್ ನೋಡಲು ರಕ್ತ ಕೊಡಬೇಕಾದ್ದು ರಾತ್ರಿಯ ಡೋಸ್ ಆಗಿ 12 ಗಂಟೆಗೆ, ಬೆಳಗಿನ ಡೋಸಿಗೆ ಮುಂಚೆ. ಅಭ್ಯಾಸಬಲದಿಂದ ಏಳಕ್ಕೆ ಮಾತ್ರೆ ನುಂಗಿಸಿ ಒಂಬತ್ತಕ್ಕೆ ರಕ್ತ ಕೊಟ್ಟರೆ ಅಂಕಿ ಸುಳ್ಳೇ ಏರಿರುತ್ತದೆ. ಅದನ್ನು ನಂಬಿ ಡೋಸ್ ಇಳಿಸಿದರೆ ಮುಂದಿನದು ರಿಜೆಕ್ಷನ್. ಆ ದಿನ ಮಾತ್ರೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೇ ಒಯ್ಯಿರಿ, ರಕ್ತ ಕೊಟ್ಟ ಕೂಡಲೇ ಕೊಡಿ. ಭೇದಿಯಾದಾಗ ಲೆವೆಲ್ ಏರುತ್ತದೆ, ಇಳಿಯುವುದಿಲ್ಲ. ಆ್ಯಂಟಿಬಯಾಟಿಕ್ ಕ್ಲ್ಯಾರಿಥ್ರೊಮೈಸಿನ್, ಶಿಲೀಂಧ್ರ ಸೋಂಕಿನ ಫ್ಲುಕೊನಜೋಲ್ ಏರಿಸುತ್ತವೆ. ಕ್ಷಯದ ರಿಫಾಂಪಿಸಿನ್, ಫಿಟ್ಸ್‌ನ ಫೆನಿಟೋಯಿನ್ ಪಾತಾಳಕ್ಕೆ ಇಳಿಸುತ್ತವೆ. ಗ್ರೇಪ್‌ಫ್ರೂಟ್ ಬೇಡ ಎಂದು ಹೊರದೇಶದ ಕೈಪಿಡಿಗಳು ಹೇಳುವುದು ನಮಗೆ ತಾಗುವುದಿಲ್ಲ ಎಂದುಕೊಳ್ಳಬೇಡಿ, ಅದರ ಸಮೀಪದ ಬಂಧು ನಮ್ಮ ದೇವನಹಳ್ಳಿಯ ಚಕ್ಕೋತ. ಅದೂ ಬೇಡ. ಪುಟ್ಟ ಮಕ್ಕಳು ಈ ಔಷಧಿಯನ್ನು ಬೇಗ ಕರಗಿಸಿಬಿಡುವುದರಿಂದ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಡೋಸ್ ಬೇಕಾಗುತ್ತದೆ. ಚೀಟಿಯಲ್ಲಿ ದೊಡ್ಡ ಅಂಕಿ ಕಂಡು ಗಾಬರಿಯಾಗಬೇಕಿಲ್ಲ.

ಎತ್ತರ ಬೆಳೆಯುತ್ತಿದೆ ಎಂದೆವಲ್ಲ, ಅದರ ಹಿಂದೆ ಟ್ವಿಸ್ಟ್ ಅಧ್ಯಯನದ 196 ಮಕ್ಕಳಿದ್ದಾರೆ. ಕಸಿಯಾದ ಮೊದಲ ಕೆಲವೇ ದಿನಗಳಲ್ಲಿ ಸ್ಟಿರಾಯ್ಡ್ ನಿಲ್ಲಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಅವರು ಮೈಯೊಡ್ಡಿದರು. 2010ರಲ್ಲಿ ಬಂದ ಉತ್ತರ: ಆರು ತಿಂಗಳಲ್ಲಿ ರಿಜೆಕ್ಷನ್ ಗಣನೀಯವಾಗಿ ಹೆಚ್ಚಲಿಲ್ಲ, ಹರೆಯಕ್ಕೆ ಮುಂಚಿನ ಮಕ್ಕಳು ಚೆನ್ನಾಗಿ ಬೆಳೆದರು. ಎಲ್ಲ ಮಕ್ಕಳಿಗೂ ಇದು ಹೊಂದುವುದಿಲ್ಲ. ಹೊಂದುವ ಮಗುವಿಗೆ ಅದು ಕೊಡುವ ಸೆಂಟಿಮೀಟರುಗಳಿಗೆ ಬೆಲೆ ಕಟ್ಟಲಾಗದು.

ನಮ್ಮ ಮಗುವಿನ ಕಾಯಿಲೆ ಬೇರೆ, ಆದರೂ ನೆಫ್ರಾಟಿಕ್ ಸಿಂಡ್ರೋಮ್ (ಮೂತ್ರದಲ್ಲಿ ಪ್ರೋಟೀನ್ ಸೋರಿ ಮೈ ಊದುವ ಕಾಯಿಲೆ) ಮಕ್ಕಳ ಪರವಾಗಿಯೂ ಒಂದು ಮಾತು. 'ಇಷ್ಟು ಬೇಕಿಲ್ಲ' ಎಂದು ತೋರಿಸಿದ ಸಂಶೋಧನೆಗಳಿಗೆ ಯಾರೂ ಹೂಮಾಲೆ ಹಾಕುವುದಿಲ್ಲ, ಅದು ನಮಗೆ ಸರಿ ಕಾಣುವುದಿಲ್ಲ. ಮೊದಲ ಸಲದ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಅನ್ನು ಮೂರು ತಿಂಗಳ ಬದಲು ಆರು ತಿಂಗಳು ಕೊಟ್ಟರೆ ಕಾಯಿಲೆ ಮರುಕಳಿಸುವುದು ಕಡಿಮೆಯಾಗುತ್ತದೆ ಎಂದು ಬಹಳ ಕಾಲ ನಂಬಿದ್ದರು. ಭಾರತದ ಐದು ಆಸ್ಪತ್ರೆಗಳ 181 ಮಕ್ಕಳು ಅದು ಹಾಗಲ್ಲ ಎಂದು 2015ರಲ್ಲಿ ತೋರಿಸಿಕೊಟ್ಟರು. ಬ್ರಿಟನ್ನಿನ ಪ್ರೆಡ್‌ನೋಸ್ ಅಧ್ಯಯನದ 237 ಮಕ್ಕಳು 8 ಮತ್ತು 16 ವಾರಗಳ ನಡುವೆಯೂ ಮರುಕಳಿಕೆಯಲ್ಲಿ ವ್ಯತ್ಯಾಸವಿಲ್ಲ ಎಂದರು. ಅನಗತ್ಯವಾದ ಪ್ರತಿ ಸ್ಟಿರಾಯ್ಡ್ ತಿಂಗಳೆಂದರೆ ಊದಿದ ಮುಖ, ಕುಂಠಿತ ಎತ್ತರ, ಕಾರಣವಿಲ್ಲದ ಸಿಟ್ಟು, ಸೋಂಕಿನ ಭಯ. ಅಷ್ಟನ್ನೂ ಈ ಮಕ್ಕಳು ಮುಂದಿನವರಿಗೆ ತಪ್ಪಿಸಿದರು.

ಹದಿಹರೆಯ ನಮಗೆ ಮುಂದೆ ಇದೆ. ಕಸಿ ಕಳೆದುಕೊಳ್ಳುವ ಅಪಾಯ 17ರಿಂದ 24ರ ವಯಸ್ಸಿನಲ್ಲಿ ಅತಿ ಹೆಚ್ಚು ಎಂದು ಮಾಂಟ್ರಿಯಲ್‌ನ ಬೆಥನಿ ಫಾಸ್ಟರ್ ತೋರಿಸಿದರು. ಅವರದೇ ಟೇಕ್-ಇಟ್ ಅಧ್ಯಯನದಲ್ಲಿ 169 ಹುಡುಗ ಹುಡುಗಿಯರು, ತೆರೆದದ್ದನ್ನೆಲ್ಲ ದಾಖಲಿಸುವ ಮಾತ್ರೆಪೆಟ್ಟಿಗೆ ಇಟ್ಟುಕೊಂಡು, ತಪ್ಪಿದ ಡೋಸುಗಳನ್ನೂ ಮುಚ್ಚಿಡದೆ ತೋರಿಸಿದರು. ಆ ವಯಸ್ಸಿನಲ್ಲಿ ಅದು ದೊಡ್ಡ ಧೈರ್ಯ. ಮೆಸೇಜಿನ ನೆನಪೋಲೆ ಮತ್ತು ಮೂರು ತಿಂಗಳಿಗೊಮ್ಮೆಯ ಮಾತುಕತೆಯಿಂದ ಮಾತ್ರೆ ತಪ್ಪುವುದು ಕಡಿಮೆಯಾಯಿತು.

ಮನೆಯ ಹತ್ತಿರದವರನ್ನೂ ಮರೆಯಲಾರೆವು. ದೆಹಲಿಯ ಏಮ್ಸ್‌ನಲ್ಲಿ ಮಕ್ಕಳ ನೆಫ್ರಾಲಜಿ (ಕಿಡ್ನಿ ಚಿಕಿತ್ಸಾ ವಿಭಾಗ) ಕಟ್ಟಿದ ಆರ್.ಎನ್. ಶ್ರೀವಾಸ್ತವ, ಅರವಿಂದ ಬಗ್ಗಾ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಅದನ್ನು ಬೆಳೆಸಿದ ಕಿಶೋರ್ ಫಡ್ಕೆ. ಅಂಗದಾನಕ್ಕೆ ಹೆಸರು ಬರೆಸಿಕೊಳ್ಳುವ ನಮ್ಮ ರಾಜ್ಯದ ಜೀವಸಾರ್ಥಕತೆ. ಅಂಗಾಂಗ ಕಸಿ ಕಾಯ್ದೆಯ 2011ರ ತಿದ್ದುಪಡಿ ಅಜ್ಜ-ಅಜ್ಜಿಯರನ್ನೂ ಅಂಗ ಕೊಡಬಹುದಾದ ಹತ್ತಿರದ ಸಂಬಂಧಿಗಳ ಪಟ್ಟಿಗೆ ಸೇರಿಸಿದ್ದರಿಂದ ಎಷ್ಟೋ ಮೊಮ್ಮಕ್ಕಳಿಗೆ ದಾರಿ ತೆರೆಯಿತು.

ಸಂಶೋಧನೆಗೆ ಸೇರುತ್ತೀರಾ ಎಂದು ನಿಮ್ಮನ್ನು ಕೇಳಿದರೆ ಮೊದಲು ಕೇಳಬೇಕಾದ್ದು: ಮಾಮೂಲಿ ಚಿಕಿತ್ಸೆಗಿಂತ ಹೆಚ್ಚಾಗಿ ಎಷ್ಟು ಸಲ ರಕ್ತ, ಎಷ್ಟು ಭೇಟಿ, ಪ್ರಯಾಣದ ಖರ್ಚು ಯಾರದು, ತೊಂದರೆಯಾದರೆ ಚಿಕಿತ್ಸೆ ಯಾರದು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಿಯಮದಂತೆ ಏಳು ವರ್ಷ ದಾಟಿದ ಮಗುವನ್ನೂ ಕೇಳಲೇಬೇಕು. ಬೇಡ ಎಂದರೆ, ನಡುವೆ ಬಿಟ್ಟರೆ, ಚಿಕಿತ್ಸೆ ನಿಲ್ಲುವಂತಿಲ್ಲ. ಅಧ್ಯಯನದ ಔಷಧಿ ಒಗ್ಗದೆ ನಡುವೆ ನಿಲ್ಲಿಸಿಯೂ ಕೊನೆಯ ಭೇಟಿಗೆ ಬಂದು ತೂಕ, ಎತ್ತರ, ರಕ್ತ ಕೊಟ್ಟು ಹೋದ ಮಕ್ಕಳಿದ್ದಾರೆ. ಅವರು ಬಾರದಿದ್ದರೆ ಒಗ್ಗಿದವರ ಲೆಕ್ಕವಷ್ಟೇ ಉಳಿದು ಔಷಧಿ ಇದ್ದದ್ದಕ್ಕಿಂತ ಒಳ್ಳೆಯದಾಗಿ ಕಾಣುತ್ತಿತ್ತು. ಅವರಿಗೆ, ಅವರನ್ನು ಕರೆತಂದವರಿಗೆ ನಮ್ಮ ವಿಶೇಷ ಕೃತಜ್ಞತೆ.